ನಾಣ್ಯ ನುಂಗುವ ಕೀಲುಕುದುರೆ: ಜೀರ್ಣೋದ್ಧಾರಗೊಂಡ ಒಂದು ಮಕ್ಕಳ ಯಂತ್ರವನ್ನು ಕುರಿತು

ಇತಿಹಾಸದ ಆಕರಗಳನ್ನು ಎಣಿಸುವಾಗ ಶಾಸನ, ನಾಣ್ಯ, ತಾಮ್ರಪಟ, ಕಡತ, ಕೈಫಿಯತ್ತುಗಳನ್ನು ಹೆಸರಿಸುವುದು ನಮ್ಮ ಪಾಠಕ್ರಮದಲ್ಲಿ ರೂಢವಾಗಿದೆ. ಅಂಗಡಿಯ ಬಾಗಿಲಲ್ಲಿ ನಿಂತು, ಹೊಟ್ಟೆಗೊಂದು ಕಾಸು ಬಿದ್ದೊಡನೆ ಮಗುವನ್ನು ಬೆನ್ನ ಮೇಲೆ ಹೊತ್ತು ಒಂದು ನಿಮಿಷ ಕುಣಿದು ಮತ್ತೆ ಸ್ತಬ್ಧವಾಗುವ ಲೋಹದ ಕುದುರೆಯನ್ನೂ ಆ ಪಟ್ಟಿಗೆ ಸೇರಿಸಬೇಕೆಂದರೆ ನಮ್ಮ ಸಹೋದ್ಯೋಗಿಗಳಲ್ಲಿ ಕೆಲವರು ನಕ್ಕಾರು. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ 1930ರಲ್ಲಿ ಹುಟ್ಟಿ 1950ರ ದಶಕದಲ್ಲಿ ಊರೂರಿಗೆ ಹಬ್ಬಿದ ಈ ಯಂತ್ರಗಳನ್ನು ಇಂದು ಸಂಗ್ರಾಹಕರು ಹುಡುಕಿ ತಂದು, ತುಕ್ಕು ತೆಗೆದು, ಹೊಸ ಬಣ್ಣ ಕೊಟ್ಟು, ಮೊದಲಿದ್ದಂತೆ ಮಾಡಿ ನಿಲ್ಲಿಸುತ್ತಿದ್ದಾರೆ. ಹೀಗೆ ಜೀರ್ಣೋದ್ಧಾರಗೊಂಡ ಕುದುರೆ ಇತಿಹಾಸದ ವಿದ್ಯಾರ್ಥಿಗೆ ಏನನ್ನು ಹೇಳುತ್ತದೆ, ಜೀರ್ಣೋದ್ಧಾರದ ಕಾಲದಲ್ಲಿ ಅದರಿಂದ ಏನನ್ನು ಕಿತ್ತುಹಾಕಲಾಗುತ್ತದೆ ಎಂಬುದೇ ಈ ಲೇಖನದ ವಿಚಾರ. ನೋಡುವವರ ಕಣ್ಣೆಲ್ಲ ಕುದುರೆಯ ಮೇಲಿರುತ್ತದೆ. ಅದರ ಚರಿತ್ರೆಯ ಬಹುಭಾಗ ಅಡಗಿರುವುದು ಕುದುರೆಯ ಕೆಳಗಿನ ಪೆಟ್ಟಿಗೆಯಲ್ಲಿ ಎಂದು ನಮ್ಮ ಅಭಿಪ್ರಾಯ.

ಈ ಯಂತ್ರಕ್ಕೆ ಕನ್ನಡದಲ್ಲಿ ನೆಲೆಗೊಂಡ ಹೆಸರಿಲ್ಲ. ನಮ್ಮ ಮೆರವಣಿಗೆಗಳಲ್ಲಿ ಕಲಾವಿದನು ಸೊಂಟಕ್ಕೆ ಕುದುರೆಯ ಆಕೃತಿಯನ್ನು ಕಟ್ಟಿಕೊಂಡು ಕುಣಿಯುವುದನ್ನು ಕೀಲುಕುದುರೆ ಎನ್ನುತ್ತೇವೆ. ಅಲ್ಲಿ ಹೆಸರಿನಲ್ಲಿ ಕೀಲಿದ್ದರೂ ಕುದುರೆಯನ್ನು ಕುಣಿಸುವುದು ಮನುಷ್ಯನ ಕಾಲು. ಇಲ್ಲಿ ಮನುಷ್ಯನು ಸುಮ್ಮನೆ ಕುಳಿತಿರುತ್ತಾನೆ, ಕುಣಿಸುವುದು ನಿಜವಾಗಿಯೂ ಕೀಲು. ಆ ಹಳೆಯ ಪದವನ್ನೇ ನಾವು ಈ ಲೇಖನದಲ್ಲಿ ಎರವಲಾಗಿ ಬಳಸಿದ್ದೇವೆ.

ಯಂತ್ರದ ರಚನೆಯನ್ನು ಮೊದಲು ತಿಳಿಯುವುದು ಅವಶ್ಯಕ. ಕೆಳಗೆ ಭಾರವಾದ ಲೋಹದ ಪೀಠ. ಅದರೊಳಗೆ ಒಂದು ಸಣ್ಣ ವಿದ್ಯುತ್ ಮೋಟಾರು. ಮೋಟಾರಿನ ವೇಗ ಮಗುವಿಗೆ ಒಗ್ಗುವಂತಹದಲ್ಲವಾದ್ದರಿಂದ ಹಲ್ಲುಚಕ್ರಗಳ ಪೆಟ್ಟಿಗೆಯೊಂದು ಅದನ್ನು ತಗ್ಗಿಸುತ್ತದೆ. ಹೀಗೆ ತಗ್ಗಿದ ತಿರುಗುವ ಚಲನೆಯನ್ನು ಕೇಂದ್ರದಿಂದ ಸರಿದ ಗೂಟವುಳ್ಳ ಒಂದು ತಿರುಗಣೆ ಮೇಲುಕೆಳಗಿನ ಹಾಗೂ ಹಿಂದುಮುಂದಿನ ಚಲನೆಯನ್ನಾಗಿ ಮಾರ್ಪಡಿಸುತ್ತದೆ. ಕುದುರೆಯ ದೇಹವನ್ನು ಹೊತ್ತ ಕಂಬವೋ ಚೌಕಟ್ಟೋ ಆ ಚಲನೆಯನ್ನು ಮೇಲಕ್ಕೆ ಒಯ್ಯುತ್ತದೆ. ಕೆಲವು ಕುದುರೆಗಳಲ್ಲಿ ಲಗಾಮನ್ನೆಳೆದರೆ ನಡೆ ಬದಲಾಗುವ ಏರ್ಪಾಡೂ ಉಂಟು. ಪೀಠದ ಪಕ್ಕದಲ್ಲಿ ನಾಣ್ಯ ಹಾಕುವ ಕಂಡಿ. ಅದರ ಹಿಂದೆ ನಾಣ್ಯಪರೀಕ್ಷಕ. ಹಾಕಿದ ಬಿಲ್ಲೆಯ ಅಗಲ, ದಪ್ಪ, ತೂಕಗಳನ್ನು ಅಳೆದು, ಅಯಸ್ಕಾಂತದ ಮುಂದೆ ಅದನ್ನು ಹಾಯಿಸಿ, ಖೋಟಾ ಬಿಲ್ಲೆಯಾದರೆ ಹೊರಕ್ಕೆ ಉಗುಳುವ ಉಪಕರಣವಿದು. ನಾಣ್ಯ ನಿಜವಾದುದಾದರೆ ಅದು ಬೀಳುವಾಗ ಒಂದು ಸಣ್ಣ ತಂತಿಯನ್ನು ಅದುಮುತ್ತದೆ, ಕಾಲಮಾಪಕ ತಿರುಗತೊಡಗುತ್ತದೆ, ಮೋಟಾರಿಗೆ ವಿದ್ಯುತ್ತು ಹರಿಯುತ್ತದೆ. ನಾಣ್ಯವು ಬೀಗವಿರುವ ಹುಂಡಿಯನ್ನು ಸೇರುತ್ತದೆ. ಅಮೆರಿಕದ ಒಬ್ಬ ಕುಶಲಕರ್ಮಿ ಇಷ್ಟನ್ನು ಒಂದೆಡೆ ಕೂಡಿಸುವ ಮುನ್ನ ಈ ಅಂಗಗಳಲ್ಲಿ ಒಂದೊಂದಕ್ಕೂ ತನ್ನದೇ ಆದ ದೀರ್ಘ ಪೂರ್ವಚರಿತ್ರೆಯಿತ್ತು.

ಕುದುರೆಯ ಪೂರ್ವಿಕರನ್ನು ರಾಜಸಭೆಗಳಲ್ಲಿ ಅರಸಬೇಕು. ಫ್ರಾನ್ಸಿನ 14ನೆಯ ಲೂಯಿಯು 1662ರಲ್ಲಿ ಪ್ಯಾರಿಸಿನ ಟ್ವಿಲರೀ ಅರಮನೆಯ ಮುಂದೆ ವೈಭವದ ಅಶ್ವೋತ್ಸವವೊಂದನ್ನು ನಡೆಸಿದನು. ಕ್ಯಾರೊಸೆಲ್ ಎಂಬ ಆ ಉತ್ಸವದ ಹೆಸರು ಆ ಬಯಲಿಗೂ ನಿಂತಿತು. ತೂಗುಬಿಟ್ಟ ಉಂಗುರಕ್ಕೆ ಈಟಿಯ ಮೊನೆಯನ್ನು ತೂರಿಸುವುದು ಇಂತಹ ಉತ್ಸವಗಳ ಒಂದು ಪಂದ್ಯ. ಅದರ ಅಭ್ಯಾಸಕ್ಕಾಗಿ ತಿರುಗುವ ತೊಲೆಗಳಿಗೆ ಮರದ ಕುದುರೆಗಳನ್ನು ಕಟ್ಟುತ್ತಿದ್ದುದರಿಂದ ಇಂದಿನ ತಿರುಗುಕುದುರೆಗಳು ಹುಟ್ಟಿದವೆಂದು ವಿದ್ವಾಂಸರು ಹೇಳುತ್ತಾರೆ. ಇಂಗ್ಲೆಂಡಿನ ಕಿಂಗ್ಸ್ ಲಿನ್ ಪಟ್ಟಣದ ಫ್ರೆಡರಿಕ್ ಸ್ಯಾವೇಜನು 19ನೆಯ ಶತಮಾನದ ಉತ್ತರಾರ್ಧದಲ್ಲಿ ಅವಕ್ಕೆ ಉಗಿಯ ಶಕ್ತಿಯನ್ನು ಜೋಡಿಸಿ, ಕುದುರೆಗಳು ಸುತ್ತುತ್ತಲೇ ಮೇಲೆ ಕೆಳಗೆ ನೆಗೆಯುವಂತೆ ಮಾಡಿದನು.

ಇದು ವಿನೋದದ ಶಾಖೆ. ಆರೋಗ್ಯದ ಶಾಖೆಯೊಂದು ಇದಕ್ಕೆ ಸಮಾನಾಂತರವಾಗಿ ಬೆಳೆಯಿತು. ಸ್ವೀಡನ್ನಿನ ವೈದ್ಯ ಗುಸ್ತಾವ್ ಜಾಂಡರನು 1865ರಲ್ಲಿ ಸ್ಟಾಕ್‌ಹೋಮಿನಲ್ಲಿ ಯಂತ್ರಚಿಕಿತ್ಸೆಯ ಶಾಲೆಯನ್ನು ತೆರೆದನು. ಕುದುರೆಸವಾರಿಯ ಕುಲುಕಾಟವನ್ನು ರೋಗಿಯ ದೇಹಕ್ಕೆ ಕೊಡುವ ಯಂತ್ರವೂ ಅವನ ಉಪಕರಣಗಳಲ್ಲಿ ಸೇರಿತ್ತು. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ವ್ಯಾಯಾಮಶಾಲೆಯಲ್ಲಿ ವಿದ್ಯುತ್ತಿನ ಕುದುರೆ ಮಾತ್ರವೇ ಅಲ್ಲದೆ ವಿದ್ಯುತ್ತಿನ ಒಂಟೆಯೂ ಇತ್ತು. 1923ರಿಂದ 1929ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದ ಕ್ಯಾಲ್ವಿನ್ ಕೂಲಿಡ್ಜ್ ಶ್ವೇತಭವನದಲ್ಲಿ ಇಂತಹ ಕುದುರೆಯ ಮೇಲೆ ವ್ಯಾಯಾಮ ಮಾಡುತ್ತಿದ್ದರು. ಪತ್ರಿಕೆಗಳವರಿಗೆ ಅದೊಂದು ಪರಿಹಾಸ್ಯದ ವಸ್ತುವಾಯಿತು. ರಾಜರ ಆಟ, ರೋಗಿಗಳ ಚಿಕಿತ್ಸೆ, ರಾಷ್ಟ್ರಾಧ್ಯಕ್ಷರ ವ್ಯಾಯಾಮ ಇವೆಲ್ಲವನ್ನೂ ದಾಟಿ ಕುದುರೆಯು ಕೊನೆಗೆ ಮಕ್ಕಳ ಪಾಲಿಗೆ ಬಂದಿತು. ದೊಡ್ಡವರು ಬಿಟ್ಟ ಬಿಲ್ಲು ಬಾಣಗಳೂ ಮಕ್ಕಳ ಕೈಗೇ ತಾನೆ ಬಂದದ್ದು.

ನಾಣ್ಯದ ಕಂಡಿಯ ಮೂಲ ಇನ್ನೂ ಪ್ರಾಚೀನ, ಮತ್ತು ಅದು ದೇವಾಲಯದಲ್ಲಿದೆ. ಕ್ರಿ.ಶ. 1ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿದ್ದ ಹೆರಾನ್ ಎಂಬ ಗ್ರೀಕ್ ಶಾಸ್ತ್ರಜ್ಞನು ಗುಡಿಯ ತೀರ್ಥವನ್ನು ಅಳತೆಗೆ ತಕ್ಕಂತೆ ಕೊಡುವ ಪಾತ್ರೆಯೊಂದನ್ನು ವರ್ಣಿಸಿದ್ದಾನೆ. ಐದು ದ್ರಾಕ್ಮದ ನಾಣ್ಯವನ್ನು ಹಾಕಿದರೆ ಅದು ಸನ್ನೆಗೋಲಿನ ತುದಿಯ ತಟ್ಟೆಗೆ ಬೀಳುತ್ತದೆ. ತಟ್ಟೆ ಬಾಗಿದಾಗ ಇನ್ನೊಂದು ತುದಿ ಎದ್ದು ನೀರಿನ ಕವಾಟ ತೆರೆಯುತ್ತದೆ. ನಾಣ್ಯ ಜಾರಿಬಿದ್ದೊಡನೆ ಕವಾಟ ಮುಚ್ಚಿಕೊಳ್ಳುತ್ತದೆ. ನಾಣ್ಯವು ತಟ್ಟೆಯ ಮೇಲೆ ತಂಗಿದ ಹೊತ್ತೇ ಭಕ್ತನಿಗೆ ಸಂದ ನೀರಿನ ಪ್ರಮಾಣ. ಕೀಲುಕುದುರೆಯ ಕಾಲಮಾಪಕದ ತತ್ತ್ವ ಇದಕ್ಕಿಂತ ಬೇರೆಯಾದುದೇನೂ ಅಲ್ಲ. ಕಾಸಿಗೆ ಇಷ್ಟು ಹೊತ್ತು ಎಂಬ ಕರಾರು ಎರಡು ಸಾವಿರ ವರ್ಷಗಳಷ್ಟು ಹಳೆಯದು. ಆಧುನಿಕ ಕಾಲದಲ್ಲಿ ಇದು ವ್ಯಾಪಾರವಾಗಿ ಬೇರೂರಿದ್ದು 1880ರ ದಶಕದಲ್ಲಿ. ಪರ್ಸಿವಲ್ ಎವೆರಿಟ್ ಎಂಬ ಇಂಗ್ಲಿಷನು ಅಂಚೆಕಾರ್ಡು ಕೊಡುವ ಯಂತ್ರವನ್ನೂ ತೂಕದ ಯಂತ್ರವನ್ನೂ ನಿರ್ಮಿಸಿದ ಮೇಲೆ ನಿಲ್ದಾಣಗಳಲ್ಲಿ ಇಂತಹ ಪೆಟ್ಟಿಗೆಗಳು ಸಾಲುಸಾಲಾಗಿ ನಿಂತವು. ನಮ್ಮ ರೈಲು ನಿಲ್ದಾಣಗಳಲ್ಲಿ ಬಣ್ಣದ ದೀಪಗಳನ್ನು ಮಿನುಗಿಸುತ್ತ, ಒಂದು ಮೈಯಲ್ಲಿ ತೂಕವನ್ನೂ ಮತ್ತೊಂದು ಮೈಯಲ್ಲಿ ಭವಿಷ್ಯವಾಕ್ಯವನ್ನೋ ಸಿನಿಮಾ ನಟರ ಚಿತ್ರವನ್ನೋ ಅಚ್ಚುಮಾಡಿದ ರಟ್ಟಿನ ಚೀಟಿಯನ್ನು ಉದುರಿಸುತ್ತಿದ್ದ ತೂಕದ ಯಂತ್ರಗಳನ್ನು ವಾಚಕರು ಬಲ್ಲರು. ಅವು ಈ ಕುಲದವೇ. ಕೀಲುಕುದುರೆಗೆ ಅವು ದಾಯಾದಿಗಳು.

ಈ ಎರಡು ಶಾಖೆಗಳನ್ನು ಒಂದೇ ಪೀಠದ ಮೇಲೆ ಕೂಡಿಸಿದವನು ಮಿಸ್ಸೂರಿ ಸಂಸ್ಥಾನದ ಸೈಕ್‌ಸ್ಟನ್ ಎಂಬ ಊರಿನ ಜೇಮ್ಸ್ ಆಟೊ ಹಾಸ್. 1930ರಲ್ಲಿ ತನ್ನ ಮಕ್ಕಳಿಗೆ ಕ್ರಿಸ್‌ಮಸ್ ಕಾಣಿಕೆಯಾಗಿ ಅವನು ಯಂತ್ರದ ಕುದುರೆಯೊಂದನ್ನು ರಚಿಸಿದನು. ಕುದುರೆಯ ನಡಿಗೆಯನ್ನು ಅನುಕರಿಸುವುದೇ ಅದರ ವೈಶಿಷ್ಟ್ಯವಾದ್ದರಿಂದ ಹೆಸರಿನಲ್ಲಿಯೇ ಅದನ್ನು ಸೂಚಿಸಿದನು. ಕಾಣಿಕೆಯು ಸರಕಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಮೊದಲು ತಿರುಗುಕುದುರೆಗಳನ್ನು ಕೆತ್ತುವವರಿಂದ ಮರದ ಕುದುರೆಗಳನ್ನು ಮಾಡಿಸಿದನು. ಅವು ತೀರ ಭಾರವಾಗಿ ಕಂಡುದರಿಂದ ಅಲ್ಯೂಮಿನಿಯಂ ಎರಕಕ್ಕೆ ತಿರುಗಿದನು. ಮಾರಾಟದ ಹೊಣೆಯನ್ನು ಷಿಕಾಗೊ ನಗರದ ಎಕ್ಸಿಬಿಟ್ ಸಪ್ಲೈ ಎಂಬ ಸಂಸ್ಥೆ ವಹಿಸಿಕೊಂಡಿತು. ಆದಾಯದಲ್ಲಿ ನೂರಕ್ಕೆ ಐದರಂತೆ ಅವನಿಗೆ ಸಲ್ಲತಕ್ಕದ್ದೆಂದು ಒಪ್ಪಂದವಾಯಿತು. 1930ರ ದಶಕ ಅಮೆರಿಕದಲ್ಲಿ ಮಹಾ ಆರ್ಥಿಕ ಮುಗ್ಗಟ್ಟಿನ ಕಾಲ. ಅನಂತರ ಬಂದದ್ದು ಯುದ್ಧ, ಲೋಹದ ಅಭಾವ. ಈ ಕುದುರೆ ತನ್ನ ನಿಜವಾದ ಓಟವನ್ನು ಆರಂಭಿಸಿದ್ದು ಹುಟ್ಟಿದ ಇಪ್ಪತ್ತು ವರ್ಷಗಳ ಮೇಲೆ.

1950ರ ವೇಳೆಗೆ ಏನು ಬದಲಾಯಿತು? ಸಾಮಾನ್ಯವಾಗಿ ಕೊಡುವ ಉತ್ತರ ಸರಳವಾದುದು. ಯುದ್ಧಾನಂತರ ಮಕ್ಕಳ ಸಂಖ್ಯೆ ಏರಿತು. 1940ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಶಿಶುಗಳು ಸುಮಾರು 25 ಲಕ್ಷ. 1954ರಿಂದ 1964ರವರೆಗೆ ವರ್ಷವರ್ಷವೂ ಈ ಸಂಖ್ಯೆ 40 ಲಕ್ಷವನ್ನು ಮೀರಿತ್ತು. ಗಿರಾಕಿಯೇ ಸಾಮಾನನ್ನು ಆರಿಸಿಕೊಳ್ಳುವ ಅಂಗಡಿಯ ಪದ್ಧತಿ 1916ರಲ್ಲಿ ಮೆಂಫಿಸ್ ನಗರದಲ್ಲಿ ಮೊದಲಾಗಿ ಈ ವೇಳೆಗೆ ಎಲ್ಲೆಡೆ ಹರಡಿತ್ತು. ಅಂಗಡಿಗೆ ಬರುವ ತಾಯಿಯ ಸೆರಗು ಹಿಡಿದು ಮಗುವೂ ಬರುತ್ತಿತ್ತು. ದೂರದರ್ಶನವಿದ್ದ ಮನೆಗಳು 1950ರಲ್ಲಿ ನೂರಕ್ಕೆ ಸುಮಾರು ಒಂಬತ್ತು, 1960ರಲ್ಲಿ ಸುಮಾರು ಎಂಬತ್ತೇಳು. ಆ ಪರದೆಯ ಮೇಲೆ ದಿನವೂ ಓಡುತ್ತಿದ್ದವರು ದನಗಾಹಿ ಸವಾರರು. ಜೀನ್ ಆಟ್ರಿ ಎಂಬ ಜನಪ್ರಿಯ ನಟನ ಕುದುರೆಯ ಹೆಸರಾದ ಚಾಂಪಿಯನ್ ಎಂಬುದನ್ನು ಷಿಕಾಗೊದ ಬ್ಯಾಲಿ ಸಂಸ್ಥೆಯು ತನ್ನ ಯಂತ್ರಕ್ಕೆ ಇಟ್ಟಿತು. ಪರದೆಯ ಮೇಲೆ ನೋಡಿದ ಕುದುರೆ ಅಂಗಡಿಯ ಬಾಗಿಲಲ್ಲಿ ನಿಂತಿದ್ದರೆ ಯಾವ ಮಗು ತಾನೆ ಮುಂದೆ ಹೋದೀತು?

ಇದೆಲ್ಲ ನಿಜ. ಆದರೆ ಇದು ಸವಾರರು ಎಲ್ಲಿಂದ ಬಂದರೆಂಬುದಕ್ಕೆ ಉತ್ತರವಾಯಿತೇ ಹೊರತು ಕುದುರೆಗಳು ಎಲ್ಲಿಂದ ಬಂದುವೆಂಬುದಕ್ಕಲ್ಲ. ಕುದುರೆಗಳನ್ನು ತಯಾರಿಸಿದವರು ಯಾರೆಂದು ಕೇಳಿದರೆ ಬೇರೊಂದು ಚಿತ್ರ ಕಾಣುತ್ತದೆ. ಬ್ಯಾಲಿ ಸಂಸ್ಥೆ 1932ರಲ್ಲಿ ಚೆಂಡಾಟದ ಯಂತ್ರದಿಂದ ಮೊದಲಾಗಿ ಜೂಜಿನ ಯಂತ್ರಗಳಿಂದ ಬೆಳೆದ ಸಂಸ್ಥೆ. ಎಕ್ಸಿಬಿಟ್ ಸಪ್ಲೈ ಸಂಸ್ಥೆಯು ಕಾಸಿಗೆ ಚಿತ್ರ ತೋರಿಸುವ ಪೆಟ್ಟಿಗೆಗಳನ್ನೂ, ಕಬ್ಬಿಣದ ಪಂಜದಿಂದ ಬಹುಮಾನ ಹಿಡಿಯುವ ಆಟದ ಯಂತ್ರಗಳನ್ನೂ ಮಾಡುತ್ತಿತ್ತು. ಇಂತಹ ಯಂತ್ರಗಳ ಮೇಲೆ ಸರ್ಕಾರಗಳ ಕಣ್ಣು ಕೆಂಪಾಗಿ ಬಹಳ ಕಾಲವಾಗಿತ್ತು. ನ್ಯೂಯಾರ್ಕ್ ನಗರವು 1942ರಲ್ಲಿ ಚೆಂಡಾಟದ ಯಂತ್ರಗಳನ್ನೇ ನಿಷೇಧಿಸಿ, 1976ರವರೆಗೂ ನಿಷೇಧವನ್ನು ತೆಗೆಯಲಿಲ್ಲ. ಕೊನೆಗೆ 1951ರ ಜನವರಿಯಲ್ಲಿ ಜಾನ್ಸನ್ ಕಾಯಿದೆಯೆಂಬ ಕೇಂದ್ರಶಾಸನವು ಜಾರಿಗೆ ಬಂದು, ಜೂಜಿನ ಯಂತ್ರಗಳನ್ನು ಒಂದು ಸಂಸ್ಥಾನದಿಂದ ಅವನ್ನು ನಿಷೇಧಿಸಿದ ಇನ್ನೊಂದು ಸಂಸ್ಥಾನಕ್ಕೆ ಸಾಗಿಸುವುದನ್ನು ಅಪರಾಧವೆಂದು ಸಾರಿತು. ನಾಣ್ಯದ ಕಂಡಿ, ಮೋಟಾರು, ಕಾಲಮಾಪಕಗಳನ್ನು ಮಾಡಬಲ್ಲ ಕಾರ್ಖಾನೆಗಳು, ಅವನ್ನು ಊರೂರಿಗೆ ಹಂಚಬಲ್ಲ ಗುತ್ತಿಗೆದಾರರು, ಹುಂಡಿ ತೆರೆದು ಎಣಿಸಿ ಅಂಗಡಿಯವನೊಡನೆ ಪಾಲು ಮಾಡಿಕೊಳ್ಳುವ ಪದ್ಧತಿ, ಇವಿಷ್ಟೂ ಸಿದ್ಧವಾಗಿದ್ದವು. ಬೇಕಾಗಿದ್ದುದು ಯಾವ ನ್ಯಾಯಾಧೀಶನೂ ಜೂಜೆಂದು ಹೇಳಲಾಗದ ಒಂದು ಯಂತ್ರ. ಮಗುವನ್ನು ಕುಣಿಸುವ ಕುದುರೆಗಿಂತ ನಿರಪರಾಧಿಯಾದ ಯಂತ್ರ ಇನ್ನಾವುದಿದ್ದೀತು? ಮಕ್ಕಳು ಹೆಚ್ಚಿರದಿದ್ದರೆ ಕುದುರೆ ಓಡುತ್ತಿರಲಿಲ್ಲವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದು 1950ರ ದಶಕದ ಆರಂಭದಲ್ಲಿಯೇ, ಷಿಕಾಗೊದಲ್ಲಿಯೇ, ಆ ಸಂಸ್ಥೆಗಳಿಂದಲೇ ಏಕೆ ಹೊರಟಿತೆಂಬುದಕ್ಕೆ ಈ ಕಾಯಿದೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸಮಾಧಾನ ಅಪೂರ್ಣವೆಂದೇ ನಮ್ಮ ನಂಬಿಕೆ.

ಇದೇ ಹಾದಿ ಸಮುದ್ರದ ಆಚೆಗೂ ಹೋಯಿತು. ಹೊನಲುಲುವಿನಿಂದ ಸೈನಿಕ ನೆಲೆಗಳಿಗೆ ಜೂಜಿನ ಯಂತ್ರಗಳನ್ನು ಒದಗಿಸುತ್ತಿದ್ದ ಸರ್ವಿಸ್ ಗೇಮ್ಸ್ ಎಂಬ ಸಂಸ್ಥೆ ಈ ಕಾಯಿದೆಯ ತರುವಾಯ ಜಪಾನಿನಲ್ಲಿ ನೆಲೆಯೂರಿತು. ಆ ಎರಡು ಪದಗಳ ಆದ್ಯಕ್ಷರಗಳೇ ಮುಂದೆ ಸೇಗಾ ಎಂಬ ಹೆಸರಾದವು. ಜಪಾನಿನವನೇ ಆದ ಮಸಾಯಾ ನಕಮುರ 1955ರಲ್ಲಿ ಸಣ್ಣ ಸಂಸ್ಥೆಯೊಂದನ್ನು ತೆರೆದಾಗ ಅವನ ಬಂಡವಾಳವೆಲ್ಲ ಎರಡು ಯಂತ್ರಕುದುರೆಗಳು. ಯೊಕೊಹಾಮ ನಗರದ ಒಂದು ದೊಡ್ಡ ಅಂಗಡಿಯ ಮಾಳಿಗೆಯ ಮೇಲೆ ಅವುಗಳನ್ನು ನಿಲ್ಲಿಸಿದನು. ಆ ಸಂಸ್ಥೆ ಕಾಲಕ್ರಮದಲ್ಲಿ ನ್ಯಾಮ್ಕೊ ಎಂದು ಹೆಸರಾಗಿ, 1980ರಲ್ಲಿ ಪ್ಯಾಕ್‌ಮನ್ ಎಂಬ ಆಟವನ್ನು ಹೊರತಂದಿತು. ಇಂದಿನ ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದಿರುವ ಆಟಗಳ ವಂಶಾವಳಿಯನ್ನು ಹಿಂದಕ್ಕೆ ಅರಸುತ್ತ ಹೋದರೆ ಒಂದು ಕವಲು ಮಾಳಿಗೆಯ ಮೇಲಿನ ಎರಡು ಕುದುರೆಗಳ ಬಳಿಗೆ ಒಯ್ಯುತ್ತದೆ.

ಎಲ್ಲ ಕುದುರೆಗಳೂ ಹುಂಡಿಗಾಗಿಯೇ ದುಡಿದವೆಂದು ಹೇಳಬಾರದು. ಮಿಷಿಗನ್ ಸಂಸ್ಥಾನದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದಲ್ಲಿ ಮೈಯರ್ ಎಂಬ ವ್ಯಾಪಾರಸಂಸ್ಥೆಯು 1962ರಲ್ಲಿ ದಿನಸಿಯನ್ನೂ ಇತರ ಸರಕುಗಳನ್ನೂ ಒಂದೇ ಸೂರಿನಡಿ ಮಾರುವ ವಿಶಾಲವಾದ ಅಂಗಡಿಯನ್ನು ತೆರೆಯಿತು. ಅದೇ ವರ್ಷದಿಂದ ಅಲ್ಲಿ ಸ್ಯಾಂಡಿ ಎಂಬ ಕುದುರೆ ನಿಂತಿದೆ. ಅದರ ಸವಾರಿಯ ಬೆಲೆ ಒಂದು ಸೆಂಟು. ಬೇರೆಡೆ ಹತ್ತು ಸೆಂಟು ಕೇಳುತ್ತಿದ್ದ ಕಾಲದಲ್ಲಿಯೇ ಅದು ಒಂದು ಸೆಂಟು ಕೇಳಿತು. ಆರು ದಶಕಗಳ ಮೇಲೆಯೂ, ಸಂಸ್ಥೆಯ ನೂರಾರು ಅಂಗಡಿಗಳಲ್ಲಿಯೂ, ಬೆಲೆ ಏರಲಿಲ್ಲ. ಇಂತಹ ಕುದುರೆಯ ಹುಂಡಿಯಿಂದ ವಿದ್ಯುತ್ತಿನ ವೆಚ್ಚವೂ ಹುಟ್ಟುವುದು ಸಂದೇಹ. ಅದರ ಗಳಿಕೆಯನ್ನು ತಾಯಿಯ ಕೈಗಾಡಿಯಲ್ಲಿ ಎಣಿಸಬೇಕು. ಹೀಗೆ ಒಂದೇ ಆಕಾರದ ಎರಡು ಯಂತ್ರಗಳು ಎರಡು ಬಗೆಯ ಅರ್ಥಶಾಸ್ತ್ರಕ್ಕೆ ಸೇರಿದವು. ಒಂದು ಗುತ್ತಿಗೆದಾರನ ಕುದುರೆ, ಇನ್ನೊಂದು ಅಂಗಡಿಯವನ ಕುದುರೆ. ಮೇಲಿನಿಂದ ನೋಡಿದರೆ ಈ ಭೇದ ತಿಳಿಯದು. ಕಂಡಿಯ ಅಗಲವನ್ನೂ ಬೆಲೆಯ ಫಲಕವನ್ನೂ ನೋಡಿದವನಿಗೆ ಮಾತ್ರ ತಿಳಿದೀತು.

ಇಲ್ಲಿಂದ ಜೀರ್ಣೋದ್ಧಾರದ ಪ್ರಶ್ನೆಗೆ ಬರುತ್ತೇವೆ. ಈ ಪದ ನಮ್ಮ ವಿದ್ಯಾರ್ಥಿಗಳಿಗೆ ಹೊಸದಲ್ಲ. ದೇವಾಲಯಕ್ಕೆ ಬಿಟ್ಟ ದತ್ತಿಗಳಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರವೆಂಬ ಮಾತು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನು, ಬಿರಿದುದನ್ನು ಸರಿಪಡಿಸುವುದು ಅದರ ಅರ್ಥ. ಒಡೆಯದೆ ಬಿರಿಯದೆ ಇದ್ದುದನ್ನು ಹೊಸದಾಗಿ ಕಾಣಿಸುವುದು ಆ ಮಾತಿನಲ್ಲಿ ಸೇರಿಲ್ಲ. ಯೂರೋಪಿನಲ್ಲಿ ಈ ವಿಚಾರ 19ನೆಯ ಶತಮಾನದಲ್ಲಿ ದೊಡ್ಡ ವಾಗ್ವಾದವಾಯಿತು. ಕಟ್ಟಡವನ್ನು ಪರಿಪೂರ್ಣ ಸ್ಥಿತಿಗೆ ತರಬೇಕೆಂದು ಫ್ರಾನ್ಸಿನ ವಿಯೊಲೆ-ಲ-ದ್ಯೂಕ್ ಸಾಧಿಸಿದರೆ, ಅಂತಹ ಕೆಲಸ ಕಟ್ಟಡದ ವಿನಾಶವೇ ಸರಿಯೆಂದು ಇಂಗ್ಲೆಂಡಿನ ಜಾನ್ ರಸ್ಕಿನ್ 1849ರಲ್ಲಿಯೇ ಬರೆದನು. 1964ರ ವೆನಿಸ್ ಸನ್ನದು ಊಹೆ ಮೊದಲಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕೆಂದು ವಿಧಿಸಿತು. ಸನ್ನದು ಬರೆದವರ ಮನಸ್ಸಿನಲ್ಲಿ ಇಗರ್ಜಿಗಳೂ ಅರಮನೆಗಳೂ ಇದ್ದವೇ ಹೊರತು ಅಂಗಡಿಯ ಕುದುರೆಗಳಿರಲಿಲ್ಲ. ಆದರೂ ನಿಯಮ ಎರಡಕ್ಕೂ ಹೊಂದುತ್ತದೆ.

ಕೀಲುಕುದುರೆಯ ಜೀರ್ಣೋದ್ಧಾರ ಹೇಗೆ ನಡೆಯುತ್ತದೆಂಬುದನ್ನು ನೋಡೋಣ. ಮೊದಲು ಕುದುರೆಯನ್ನು ಪೀಠದಿಂದ ಇಳಿಸಿ ಹಳೆಯ ಬಣ್ಣವನ್ನು ಲೋಹ ಕಾಣುವವರೆಗೆ ಕೆರೆದುಬಿಡುತ್ತಾರೆ. ಎರಕದ ಬಿರುಕುಗಳನ್ನು ಬೆಸೆದು, ತೇದು ನಯಗೊಳಿಸಿ, ಹೊಸ ಬಣ್ಣ ಹಚ್ಚುತ್ತಾರೆ. ಮಕ್ಕಳ ಹಿಡಿತದಿಂದ ಸವೆದ ಕಡೆ ಕ್ರೋಮಿಯಂ ಲೇಪ ಹೊಳೆಯುತ್ತದೆ. ಹೊಸ ತೊಗಲಿನ ಜೀನು, ಹೊಸ ಲಗಾಮು. ತಂತಿಗಳನ್ನೆಲ್ಲ ಬದಲಿಸುತ್ತಾರೆ. ಕೊನೆಯದಾಗಿ ನಾಣ್ಯದ ಉಪಕರಣ. ಮನೆಯಲ್ಲಿ ಇಟ್ಟುಕೊಳ್ಳುವವರಿಗೆ ಪ್ರತಿಸಲವೂ ಕಾಸು ಹಾಕುವುದು ತೊಡಕಾದುದರಿಂದ ಅದನ್ನು ಕಳಚಿ ಒಂದು ಗುಂಡಿಯನ್ನು ಜೋಡಿಸುವುದು ಸಾಮಾನ್ಯ. ಆಮೇಲೆ ಕುದುರೆ ಹೊಚ್ಚಹೊಸದಾಗಿ, ಕಾರ್ಖಾನೆಯಿಂದ ಹೊರಬಂದ ದಿನದಂತೆ ನಿಲ್ಲುತ್ತದೆ.

ಆ ಒಂದು ದಿನವನ್ನು ಉಳಿಸಿಕೊಳ್ಳಲು ಅನಂತರದ ನಲವತ್ತು ಐವತ್ತು ವರ್ಷಗಳನ್ನು ಅಳಿಸಿದಂತಾಯಿತು. ಬಣ್ಣದ ಪದರಗಳಲ್ಲಿ ಕುದುರೆಯ ಆಯುಷ್ಯದ ದಾಖಲೆಯಿದೆ. ಹಳೆಯ ತಿರುಗುಕುದುರೆಗಳ ಕೆಲಸದಲ್ಲಿ ಅನುಭವವುಳ್ಳವರು ಕಾರ್ಖಾನೆಯ ಬಣ್ಣವೆಂದೂ ಉದ್ಯಾನದ ಬಣ್ಣವೆಂದೂ ಎರಡನ್ನು ಬೇರ್ಪಡಿಸುತ್ತಾರೆ. ಎರಡನೆಯದು ಆಟದ ಉದ್ಯಾನದವರು ವರ್ಷವರ್ಷವೂ ತೇಪೆಯಾಗಿ ಬಳಿದದ್ದು. ಒರಟಾದರೂ ಅದೂ ಒಂದು ಸಾಕ್ಷ್ಯ. ಬೆಲೆಯ ಫಲಕವೂ ಹಾಗೆಯೇ. ಹತ್ತು ಸೆಂಟಿನ ಫಲಕದ ಮೇಲೆ ಇಪ್ಪತ್ತೈದು ಸೆಂಟಿನ ಚೀಟಿಯನ್ನು ಅಂಟಿಸಿದ್ದರೆ ಹಣದುಬ್ಬರದ ಕಾಲವನ್ನು ಅದು ಯಾವ ಅಂಕಿಅಂಶಕ್ಕೂ ಕಡಿಮೆಯಿಲ್ಲದಂತೆ ತೋರಿಸುತ್ತದೆ. ಕಂಡಿಯನ್ನೇ ಕಿತ್ತುಹಾಕಿದ ಕುದುರೆಯಾದರೋ ತಾನು ಜೂಜಿನ ಯಂತ್ರಗಳ ಮನೆಯಲ್ಲಿ ಹುಟ್ಟಿದೆನೆಂಬ ಸಂಗತಿಯನ್ನೇ ಮರೆಸಿಬಿಡುತ್ತದೆ. ನಮ್ಮಲ್ಲಿ ಸುಣ್ಣ ಬಳಿದು ಶಾಸನವನ್ನು ಮುಚ್ಚಿದ ಗುಡಿಗೋಡೆಗಳನ್ನು, ಹುಳಿಯಲ್ಲಿ ತಿಕ್ಕಿ ಹೊಳಪಿಸಿ ನಾಣ್ಯಶಾಸ್ತ್ರಜ್ಞನಿಗೆ ಬೇಡವಾದ ಹಳೆಯ ನಾಣ್ಯಗಳನ್ನು ಕಂಡವರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಪ್ರತಿವಾದವೂ ದುರ್ಬಲವಾದುದಲ್ಲ. ಗೃಹೋಪಯೋಗಿ ಬಣ್ಣಗಳಲ್ಲಿ ಸೀಸ ಬೆರೆಸುವುದನ್ನು ಅಮೆರಿಕವು ನಿಷೇಧಿಸಿದ್ದು 1978ರಲ್ಲಿ. ಅದಕ್ಕೆ ಮುಂಚಿನ ಬಣ್ಣ ಮಗುವಿನ ಕೈಗೂ ಬಾಯಿಗೂ ವಿಷವಾಗಬಹುದು. ಹತ್ತಿಬಟ್ಟೆ ಸುತ್ತಿದ, ಶಿಥಿಲವಾದ ಹಳೆಯ ತಂತಿಯ ಮೇಲೆ ಮಗುವನ್ನು ಕೂರಿಸುವ ಧೈರ್ಯ ಯಾರಿಗಿದ್ದೀತು? ಕುದುರೆಯ ಮೇಲೆ ಮಗು ಏರಬೇಕಾದರೆ ಬಣ್ಣ ಹೋಗಬೇಕು, ತಂತಿ ಬದಲಾಗಬೇಕು. ಬಣ್ಣವೂ ತಂತಿಯೂ ಉಳಿಯಬೇಕಾದರೆ ಕುದುರೆ ಗಾಜಿನ ಹಿಂದೆ ನಿಲ್ಲಬೇಕು. ಆದರೆ ಸವಾರನಿಲ್ಲದೆ, ಚಲನೆಯಿಲ್ಲದೆ ನಿಂತ ಕೀಲುಕುದುರೆಯನ್ನು ನೋಡಿ ಅದರ ಚರಿತ್ರೆಯನ್ನು ತಿಳಿದೆನೆನ್ನುವುದು, ಸಂಗೀತದ ಸ್ವರಲಿಪಿಯನ್ನು ಓದಿ ಕಚೇರಿ ಕೇಳಿದೆನೆಂದಂತೆ. ಈ ತೊಡಕಿನಲ್ಲಿ ನಾವು ಮಗುವಿನ ಪಕ್ಷದವರು. ಯಂತ್ರ ಓಡಲಿ. ಆದರೆ ಬಣ್ಣ ಕೆರೆಯುವ ಮುನ್ನ ಪ್ರತಿ ಪದರವನ್ನೂ ದಾಖಲೆ ಮಾಡಲಿ. ಹೊಟ್ಟೆಯ ಅಡಿಯಲ್ಲಿ, ಮಗುವಿನ ಕೈ ತಾಗದ ಕಡೆ, ಹಳೆಯ ಬಣ್ಣದ ಒಂದು ಗೇಣು ಜಾಗವನ್ನು ಮೇಲುಲೇಪ ಹಚ್ಚಿ ಭದ್ರಪಡಿಸಿ ಹಾಗೆಯೇ ಉಳಿಸಲಿ. ತೆಗೆದ ಭಾಗಗಳಿಗೆಲ್ಲ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡಲಿ. ನಾಣ್ಯದ ಕಂಡಿಯನ್ನು ಮಾತ್ರ ಯಾವ ಕಾರಣಕ್ಕೂ ಕೀಳದಿರಲಿ. ಅದರಿಂದ ಯಾರಿಗೂ ಅಪಾಯವಿಲ್ಲ.

ಕಂಡಿಯ ವಿಷಯದಲ್ಲಿ ಇತ್ತೀಚಿನ ಒಂದು ಸಂಗತಿಯನ್ನು ಹೇಳಬೇಕು. 1793ರಿಂದ ಟಂಕಿಸುತ್ತ ಬಂದಿದ್ದ ಒಂದು ಸೆಂಟಿನ ನಾಣ್ಯವನ್ನು ಚಲಾವಣೆಗಾಗಿ ಅಚ್ಚುಹಾಕುವುದನ್ನು ಅಮೆರಿಕದ ಟಂಕಸಾಲೆ ನಿಲ್ಲಿಸಿತು. ಕೊನೆಯವು ಫಿಲಡೆಲ್ಫಿಯದಲ್ಲಿ 2025ರ ನವೆಂಬರ್ 12ರಂದು ಹೊರಬಂದವು. ಒಂದು ಸೆಂಟಿನ ನಾಣ್ಯ ಮಾಡಲು ಒಂದು ಸೆಂಟಿಗಿಂತ ಬಹಳ ಹೆಚ್ಚು ಖರ್ಚಾಗುತ್ತಿದ್ದುದೇ ಕಾರಣ. ನಾಣ್ಯಕ್ಕೆ ಮಾನ್ಯತೆ ಹೋಗಿಲ್ಲ. ಜನರ ಕೈಯಲ್ಲಿಯೂ ಮೇಜಿನ ಸೆಳೆಖಾನೆಗಳಲ್ಲಿಯೂ ಅಂದಾಜು 30,000 ಕೋಟಿ ಸೆಂಟುಗಳು ಉಳಿದಿವೆ. 1982ರಲ್ಲಿ ತಾಮ್ರದ ಪ್ರಮಾಣ ತಗ್ಗಿ ಸತುವಿನದು ಹೆಚ್ಚಿದಾಗ ಅದರ ತೂಕ 3.11 ಗ್ರಾಮಿನಿಂದ 2.5 ಗ್ರಾಮಿಗೆ ಇಳಿಯಿತು. ವ್ಯಾಸ ಮಾತ್ರ 19.05 ಮಿಲಿಮೀಟರಿನಲ್ಲಿಯೇ ನಿಂತಿದೆ. ಆದುದರಿಂದ 1962ರಲ್ಲಿ ಸ್ಯಾಂಡಿಗೆ ಹಾಕಿದ ನಾಣ್ಯವೂ 2025ರಲ್ಲಿ ಟಂಕಿಸಿದ ನಾಣ್ಯವೂ ಅಷ್ಟೇ ಅಗಲದ ಕಂಡಿಯಲ್ಲಿ ಇಳಿಯುತ್ತವೆ.